ಕೊಟ್ಟಿಗೆಯಲ್ಲಿ ಕಾರು, ಮೇಲೆ ಕೊಬ್ಬರಿ ಅಟ್ಟ: ಬೆಂಕಿ ಮನೆಯೊಳಗೆ ದಾಟದಂತೆ ತಡೆಯುವುದು ಹೇಗೆ?

ಪ್ರಶ್ನೆ: ತಿಪಟೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಮ್ಮ ತಂದೆಯವರು ಸುಮಾರು 60 ವರ್ಷಗಳ ಹಿಂದೆ ಕಟ್ಟಿಸಿದ ಮಂಗಳೂರು ಹೆಂಚಿನ ಮನೆ ಇದೆ. ಮನೆಗೆ ಅಂಟಿಕೊಂಡಿರುವ ದನದ ಕೊಟ್ಟಿಗೆಯಲ್ಲಿ ಈಗ ದನಗಳಿಲ್ಲ. ಒಂದು ಪೆಟ್ರೋಲ್ ಕಾರು, ಒಂದು ಬೈಕು, ಮಗಳು ಕಾಲೇಜಿಗೆ ಓಡಿಸುವ ಎಲೆಕ್ಟ್ರಿಕ್ ಸ್ಕೂಟರು, ಕಳೆ ಕತ್ತರಿಸುವ ಯಂತ್ರ, ಅದರ ಪೆಟ್ರೋಲ್ ಕ್ಯಾನು ಎಲ್ಲವೂ ಅಲ್ಲೇ ಇವೆ. ಮೇಲೆ ಕೊಬ್ಬರಿ ಅಟ್ಟ. ಕೊಟ್ಟಿಗೆಯ ಒಂದು ಮಗ್ಗುಲಿಗೆ ಬಚ್ಚಲುಮನೆ. ಕೊಟ್ಟಿಗೆಗೂ ಮನೆಗೂ ನಡುವೆ ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ, ಅದರಲ್ಲಿ ಒಂದು ಹಳೆಯ ಬಾಗಿಲು. ಗೋಡೆಯಾಚೆಯ ಕೋಣೆಯಲ್ಲಿ ನಮ್ಮ ತಾಯಿ ಮಲಗುತ್ತಾರೆ. ಅವರಿಗೆ 80 ದಾಟಿದೆ. ಅಮೆರಿಕದಲ್ಲಿರುವ ನನ್ನ ಮಗ, ಅಲ್ಲಿ ಗ್ಯಾರೇಜಿಗೂ ಮನೆಗೂ ನಡುವೆ ಜಿಪ್ಸಮ್ ಬೋರ್ಡ್ ಮತ್ತು ತಾನಾಗಿಯೇ ಮುಚ್ಚಿಕೊಳ್ಳುವ ಬಾಗಿಲು ಕಡ್ಡಾಯವೆಂದೂ ನಾವೂ ಹಾಗೆ ಮಾಡಿಸಬೇಕೆಂದೂ ಹೇಳುತ್ತಾನೆ. ಊರಿನ ಮೇಸ್ತ್ರಿಯವರು, ಇಷ್ಟು ದಪ್ಪ ಗೋಡೆ ಇರುವಾಗ ಯಾವ ಬೋರ್ಡೂ ಬೇಡ ಎನ್ನುತ್ತಾರೆ. ಯಾರ ಮಾತು ಕೇಳಬೇಕು?

ಉತ್ತರ: ಗೋಡೆಯ ವಿಷಯದಲ್ಲಿ ಮೇಸ್ತ್ರಿಯವರ ಮಾತು ಸರಿ, ಬಾಗಿಲಿನ ವಿಷಯದಲ್ಲಿ ನಿಮ್ಮ ಮಗನ ಮಾತು ಸರಿ. ಆದರೆ ನಿಮ್ಮ ಮನೆಗೆ ನಿಜವಾದ ಅಪಾಯ ಇರುವ ಜಾಗವನ್ನು ಇಬ್ಬರೂ ಹೇಳಿಲ್ಲ. ಅದು ಗೋಡೆಯ ನೆತ್ತಿಯ ಮೇಲಿದೆ. ಅಲ್ಲಿಗೆ ಬರುವ ಮೊದಲು ಮೂರು ಕೆಲಸಗಳನ್ನು ಹೇಳುತ್ತೇನೆ; ಇವುಗಳಿಗೆ ಹಣವೂ ಬೇಡ, ಮೇಸ್ತ್ರಿಯೂ ಬೇಡ, ಇವತ್ತೇ ಮಾಡಬಹುದು. ತಾಯಿಯವರ ಹಾಸಿಗೆಯನ್ನು ಕೊಟ್ಟಿಗೆಯ ಮಗ್ಗುಲಿನ ಕೋಣೆಯಿಂದ ಮುಂಬಾಗಿಲಿಗೆ ಹತ್ತಿರವಿರುವ ಬೇರೆ ಕೋಣೆಗೆ ಬದಲಾಯಿಸಿ. ಪೆಟ್ರೋಲ್ ಕ್ಯಾನನ್ನು ಕೊಟ್ಟಿಗೆಯಿಂದ ಹೊರಗೆ, ತೋಟದ ಪಂಪ್‌ಸೆಟ್ ಮನೆಯಂತಹ ದೂರದ ಜಾಗದಲ್ಲಿಡಿ. ಅಲ್ಲಿಯೂ ಸ್ಟಾರ್ಟರ್ ಪೆಟ್ಟಿಗೆಯ ಕಿಡಿ ತಾಗದಷ್ಟು ದೂರದಲ್ಲಿ, ಗೋಡೆಯ ಹೊರಗಡೆ ನೆರಳಿನಲ್ಲಿಡಿ. ಸ್ಕೂಟರನ್ನು ರಾತ್ರಿ ಎಲ್ಲರೂ ಮಲಗಿರುವಾಗ ಚಾರ್ಜಿಗೆ ಹಾಕುವುದನ್ನು ನಿಲ್ಲಿಸಿ. ಉಳಿದ ಕೆಲಸಗಳನ್ನು ಮುಂದಿನ ಮಳೆಗಾಲದೊಳಗೆ ನಿಧಾನವಾಗಿ ಮುಗಿಸಿಕೊಳ್ಳಬಹುದು.

ಅಮೆರಿಕದ ನಿಯಮವನ್ನು ಮೊದಲು ಅದರ ಊರಿನಲ್ಲಿಟ್ಟು ನೋಡೋಣ. ಅಲ್ಲಿನ ಬಹುತೇಕ ಮನೆಗಳ ಗೋಡೆ ಎಂದರೆ ಮರದ ಕಂಬಗಳ ಚೌಕಟ್ಟು, ನಡುವೆ ಶಾಖ ತಡೆಯುವ ಹತ್ತಿಯಂತಹ ವಸ್ತು, ಎರಡೂ ಕಡೆ ಹಲಗೆ. ಬೆಂಕಿ ಆ ಚೌಕಟ್ಟನ್ನು ಮುಟ್ಟಿದರೆ ಗೋಡೆಯೇ ಸೌದೆಯಾಗುತ್ತದೆ. ಆದ್ದರಿಂದ ಅಲ್ಲಿನ ರಾಜ್ಯಗಳು ಅಳವಡಿಸಿಕೊಂಡಿರುವ ಮಾದರಿ ವಸತಿ ಸಂಹಿತೆಯು ಗ್ಯಾರೇಜಿನ ಕಡೆಗೆ ಅರ್ಧ ಅಂಗುಲದ, ಎಂದರೆ 12.7 ಮಿಲಿಮೀಟರ್ ದಪ್ಪದ ಜಿಪ್ಸಮ್ ಬೋರ್ಡನ್ನೂ, ಗ್ಯಾರೇಜಿನ ಮೇಲೆ ವಾಸದ ಕೋಣೆಯಿದ್ದರೆ ಅದರ ತಳಕ್ಕೆ 15.9 ಮಿಲಿಮೀಟರ್ ದಪ್ಪದ, ಬೆಂಕಿ ತಡೆಯುವ ವಿಶೇಷ ದರ್ಜೆಯ ಬೋರ್ಡನ್ನೂ ಕೇಳುತ್ತದೆ. ಜಿಪ್ಸಮ್‌ನ ಗುಣ ಅದರೊಳಗೆ ಅಡಗಿರುವ ನೀರು. ಶುದ್ಧ ಜಿಪ್ಸಮ್‌ನ ತೂಕದಲ್ಲಿ ಶೇ 21ರಷ್ಟು ನೀರೇ ಇರುತ್ತದೆ. ಮುಟ್ಟಿದರೆ ಒಣಗಿದಂತಿದ್ದರೂ ಒಂದು ಚದರ ಮೀಟರ್ ಬೋರ್ಡಿನಲ್ಲಿ ಒಂದೂವರೆ ಲೀಟರಿಗೂ ಹೆಚ್ಚು ನೀರು ಹರಳಿನೊಳಗೆ ಕಟ್ಟಿಕೊಂಡಿರುತ್ತದೆ. ಬೆಂಕಿ ತಗುಲಿದಾಗ ಆ ನೀರು ಆವಿಯಾಗಿ ಹೋಗುವವರೆಗೆ ಬೋರ್ಡಿನ ಹಿಂಬದಿಯ ಶಾಖ ನೀರು ಕುದಿಯುವ ಮಟ್ಟದ ಆಸುಪಾಸಿನಲ್ಲೇ ನಿಲ್ಲುತ್ತದೆ. ಒಳಗಿನ ಮರ ಉಳಿಯುವುದು ಅಷ್ಟು ಹೊತ್ತು ಮಾತ್ರ. ಆ ಹೊತ್ತಿನಲ್ಲಿ ಮನೆಯವರು ಹೊರಗೆ ಬರಬೇಕು.

ನಿಮ್ಮ ಗೋಡೆಯಲ್ಲಿ ಉರಿಯುವ ವಸ್ತುವೇ ಇಲ್ಲ. ಒಂದೂವರೆ ಅಡಿ ದಪ್ಪದ ಮಣ್ಣು ಗಂಟೆಗಟ್ಟಲೆ ಬೆಂಕಿಯನ್ನು ತಡೆಯಬಲ್ಲದು. 9 ಅಂಗುಲದ ಸುಟ್ಟ ಇಟ್ಟಿಗೆಯ ಗೋಡೆಯನ್ನೇ ಸಾಮಾನ್ಯವಾಗಿ 4 ಗಂಟೆಗಳ ತಡೆಗೋಡೆ ಎಂದು ಲೆಕ್ಕಹಾಕುತ್ತಾರೆ. ಹೀಗಿರುವಾಗ ಆ ಗೋಡೆಗೆ ಬೋರ್ಡ್ ಹೊಡೆಸುವುದರಿಂದ ಬೆಂಕಿಯ ಮಟ್ಟಿಗೆ ಏನೂ ಲಾಭವಿಲ್ಲ. ಬೋರ್ಡಿನ ಹಿಂದೆ ತೇವ ನಿಂತು, ಗೆದ್ದಲು ಹತ್ತಿ, ಇರುವ ಗೋಡೆಯೇ ಹಾಳಾಗಬಹುದು. ಗಿಲಾವು ಬಿದ್ದುಹೋದ ಕಡೆ ಸುಣ್ಣ ಮರಳಿನ ಗಾರೆಯಿಂದ ಮತ್ತೆ ಮೆತ್ತಿಸಿದರೆ ಸಾಕು.

ಈಗ ಗೋಡೆಯ ನೆತ್ತಿ. ನಮ್ಮ ಕಡೆಯ ಹಳೆಯ ಹೆಂಚಿನ ಮನೆಗಳಲ್ಲಿ ಕೊಟ್ಟಿಗೆಯ ಮಾಡು ಮತ್ತು ಮನೆಯ ಮಾಡು ಒಂದೇ ಇಳಿಜಾರಿನಲ್ಲಿ ಮುಂದುವರಿದಿರುತ್ತವೆ. ನಡುವಿನ ಗೋಡೆಯನ್ನು ತೊಲೆ ಕೂರುವ ಮಟ್ಟಕ್ಕೆ ತಂದು ನಿಲ್ಲಿಸಿ, ಅದರ ಮೇಲೆ ಜಂತೆ, ಹೆಂಚು ಕೂರುವ ಸಣ್ಣ ಮರದ ಪಟ್ಟಿಗಳಾದ ರೀಪರು, ಹೆಂಚು ಹೊದಿಸಿರುತ್ತಾರೆ. ಗೋಡೆಯ ನೆತ್ತಿಗೂ ಹೆಂಚಿನ ತಳಕ್ಕೂ ನಡುವೆ ಒಂದು ಗೇಣಿನಿಂದ ಹಿಡಿದು ಆಳೆತ್ತರದವರೆಗೆ ಖಾಲಿ ಜಾಗ ಉಳಿದಿರುತ್ತದೆ. ದನಗಳಿದ್ದ ಕಾಲಕ್ಕೆ ಅದು ದೋಷವೇನಲ್ಲ. ಗಾಳಿಯಾಡುತ್ತಿತ್ತು, ಹಸು ಅಂಬಾ ಎಂದರೆ ನಡುಮನೆಯಲ್ಲಿ ಮಲಗಿದವರಿಗೆ ಕೇಳುತ್ತಿತ್ತು. ಹಸು ಇದ್ದ ಜಾಗದಲ್ಲಿ ಪೆಟ್ರೋಲ್ ತುಂಬಿದ ವಾಹನ ನಿಂತ ದಿನದಿಂದ ಅದೇ ಜಾಗ ಹೊಗೆಯ ಹೆದ್ದಾರಿಯಾಗುತ್ತದೆ. ಬಿಸಿ ಹೊಗೆ ಮೇಲಕ್ಕೇರಿ ಮಾಡಿನ ಇಳಿಜಾರಿನ ತಳದಲ್ಲಿ ಸೇರಿಕೊಂಡು, ಎತ್ತರದ ಕಡೆಗೆ, ಎಂದರೆ ಸಾಮಾನ್ಯವಾಗಿ ಮನೆಯ ಕಡೆಗೇ, ಹರಿಯುತ್ತದೆ.

ಹಳೆಯ ಮನೆಗಳ ದುರಸ್ತಿಯ ಕೆಲಸದಲ್ಲಿ ನಾನು ಕಂಡ ಒಂದು ಮನೆಯನ್ನು ಮರೆಯಲಾಗುತ್ತಿಲ್ಲ. ಗುಬ್ಬಿ ಕಡೆಯ ಆ ಮನೆಯ ಕೊಟ್ಟಿಗೆಯಲ್ಲಿ ಬೆಳಗಿನ ಜಾವ ಎರಡು ದ್ವಿಚಕ್ರ ವಾಹನಗಳು ಸುಟ್ಟುಹೋಗಿದ್ದವು. ಮಾರನೆಯ ವಾರ ನಾನು ಹೋದಾಗ ನಡುಗೋಡೆಯ ಮನೆಯ ಕಡೆಯ ಸುಣ್ಣ ಬೆಳ್ಳಗೇ ಇತ್ತು; ಗೋಡೆಗೆ ಆನಿಸಿಟ್ಟಿದ್ದ ಕ್ಯಾಲೆಂಡರಿನ ಹಾಳೆ ಕೂಡ ಬಾಡಿರಲಿಲ್ಲ. ಆದರೆ ಗೋಡೆಯ ನೆತ್ತಿಯಿಂದ ಕೆಳಕ್ಕೆ ನಾಲಗೆ ಚಾಚಿದಂತೆ ಮಸಿ ಇಳಿದಿತ್ತು. ಏಣಿ ಹಾಕಿಕೊಂಡು ಹತ್ತಿ ನೋಡಿದೆ. ಗೋಡೆಗೂ ಹೆಂಚಿಗೂ ನಡುವೆ ನನ್ನ ಮುಂಗೈ ತೂರುವಷ್ಟು ಸಂದು. ಅದರಲ್ಲಿ ಹಾದುಹೋಗಿದ್ದ ರೀಪರುಗಳು ಕೊಟ್ಟಿಗೆಯ ಕಡೆ ಪೂರ್ತಿ ಇದ್ದಿಲಾಗಿ, ಗೋಡೆಯ ಮೇಲೆ ಸಣ್ಣಗಾಗುತ್ತಾ, ಮನೆಯ ಕಡೆ ಒಂದು ಮೊಳದವರೆಗೆ ಕರಕಲಾಗಿದ್ದವು. ಮುಟ್ಟಿದ ಕೂಡಲೇ ತುದಿ ಉದುರಿ ಬೆರಳೆಲ್ಲ ಕಪ್ಪಾಯಿತು. ಮನೆಯವರು ಹಾಲು ಕರೆಯುವ ಹಳೆಯ ರೂಢಿಗೆ ನಸುಕಿನಲ್ಲೇ ಎದ್ದಿದ್ದರಿಂದ ಹೊರಗೆ ಬಂದಿದ್ದರು. ಬೆಂಕಿ ಗೋಡೆಯನ್ನು ಸುಟ್ಟಿರಲಿಲ್ಲ, ಗೋಡೆಯನ್ನು ದಾಟಿಕೊಂಡು ಹೋಗಿತ್ತು.

ನಿಮ್ಮ ಮನೆಯಲ್ಲಿ ಈ ಸಂದು ಎಷ್ಟಿದೆ ಎಂದು ತಿಳಿಯಲು ಯಾವ ಉಪಕರಣವೂ ಬೇಡ. ಅಮಾವಾಸ್ಯೆಯ ಹತ್ತಿರದ ಒಂದು ರಾತ್ರಿ ಮನೆಯ ದೀಪಗಳನ್ನೆಲ್ಲ ಆರಿಸಿ, ಕೊಟ್ಟಿಗೆಯಲ್ಲಿ ಮಾತ್ರ ಪ್ರಖರವಾದ ದೀಪ ಹಚ್ಚಿಸಿ, ಬಾಗಿಲು ಮುಚ್ಚಿ, ನೀವು ಮನೆಯೊಳಗೆ ಕತ್ತಲಲ್ಲಿ ಐದು ನಿಮಿಷ ನಿಲ್ಲಿ. ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ಗೋಡೆಯ ನೆತ್ತಿ, ಬಾಗಿಲಿನ ಸಂದು, ವೈರು ತೂರಿಸಿದ ತೂತು, ಇಲಿ ಕೊರೆದ ಬಿಲ ಎಲ್ಲವೂ ತಾವಾಗಿಯೇ ಕಾಣಿಸುತ್ತವೆ. ಬೆಳಕು ಬರುವ ಕಡೆಯೆಲ್ಲ ಹೊಗೆ ಬರುತ್ತದೆ. ಒಂದೊಂದನ್ನೂ ಸೀಮೆಸುಣ್ಣದಿಂದ ಗುರುತು ಹಾಕಿ. ಮೇಸ್ತ್ರಿಯವರಿಗೆ ಕೊಡಬೇಕಾದ ಕೆಲಸದ ಪಟ್ಟಿ ಅದೇ.

ನೆತ್ತಿಯ ಸಂದನ್ನು ಮುಚ್ಚಲು ಸರಿಯಾದ ಸಮಯ ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವಾಗ. ಆಗ ಹೆಂಚುಗಳನ್ನು ಹೇಗೂ ಕೆಳಗಿಳಿಸುವುದರಿಂದ ನಡುಗೋಡೆಯ ನೇರದಲ್ಲಿ ಎರಡು ಸಾಲು ತೆರೆದರೆ ಮೇಸ್ತ್ರಿಯವರು ಮೇಲಿನಿಂದಲೇ ಕೆಲಸ ಮಾಡಬಹುದು. ಗೋಡೆಯ ನೆತ್ತಿಯ ಸಡಿಲ ಮಣ್ಣನ್ನು ಕೆರೆದು ತೆಗೆಸಿ, ನೀರು ಚಿಮುಕಿಸಿ, ಅದರ ಮೇಲೆ ಇಟ್ಟಿಗೆಯನ್ನು ಹೆಂಚಿನ ತಳದವರೆಗೆ ಇಳಿಜಾರಿಗೆ ತಕ್ಕಂತೆ ಕಟ್ಟಿಸಿ. ಎತ್ತರ ಎರಡು ಮೂರು ಅಡಿಗಿಂತ ಹೆಚ್ಚಿದ್ದರೆ ಮಣ್ಣಿನ ಗೋಡೆಯ ಮೇಲೆ ಭಾರ ಹೇರುವ ಬದಲು ಒಳಗೆ ಗಾಳಿಗುಳ್ಳೆಗಳಿರುವ ಹಗುರವಾದ ಸಿಮೆಂಟ್ ಇಟ್ಟಿಗೆ, ಎಂದರೆ ಎಎಸಿ ಬ್ಲಾಕ್, ಬಳಸುವುದು ಮೇಲು. ಬುಡದಲ್ಲಿ ತೇವ ಹಿಡಿದು ಉಬ್ಬಿರುವ ಗೋಡೆಯಾದರೆ ಮೊದಲು ಬುಡವನ್ನು ಸರಿಪಡಿಸದೆ ಮೇಲೆ ಒಂದು ಇಟ್ಟಿಗೆಯನ್ನೂ ಇಡಬಾರದು. ಇಷ್ಟು ಮಾಡಿದರೂ ಒಂದು ದಾರಿ ಉಳಿಯುತ್ತದೆ, ಅದು ರೀಪರು. ಗೋಡೆಯ ಮೇಲೆ ಹಾದುಹೋಗುವ ರೀಪರುಗಳನ್ನು ಅಲ್ಲಿಯೇ ಕತ್ತರಿಸಿ, ಎರಡೂ ಕಡೆಯ ತುದಿಗಳನ್ನು ಗೋಡೆಯ ಪಕ್ಕದ ಜಂತೆಗೆ ಕೂರಿಸಿ, ಗೋಡೆಯ ಅಗಲದಷ್ಟು ಭಾಗದಲ್ಲಿ ಹೆಂಚನ್ನು ನೇರವಾಗಿ ಗಾರೆಯ ಮೇಲೆ ಕೂರಿಸಬೇಕು. ರೀಪರು ಕತ್ತರಿಸಲು ಬಡಗಿಯವರು ಒಪ್ಪದಿದ್ದರೆ ಸಂದುಗಳಿಗೆ ಕಲ್ಲು ಕರಗಿಸಿ ಮಾಡಿದ, ಉರಿಯದ ಹತ್ತಿಯಂತಹ ರಾಕ್‌ವೂಲನ್ನು ಬಿಗಿಯಾಗಿ ತುರುಕಿ ಹೊರಗಿನಿಂದ ಗಾರೆ ಬಳಿಯುವುದು ಎರಡನೆಯ ದಾರಿ. ಪೇಟೆಯಲ್ಲಿ ಡಬ್ಬಿಯಿಂದ ಚಿಮ್ಮಿಸಿದರೆ ಉಬ್ಬಿಕೊಳ್ಳುವ ಫೋಮ್ ಸಿಗುತ್ತದೆ, ಅದನ್ನು ಮಾತ್ರ ಬಳಸಬೇಡಿ. ಸಂದು ಮುಚ್ಚಿದಂತೆ ಕಾಣುತ್ತದೆ, ಬೆಂಕಿ ಬಂದಾಗ ಆ ಸಾಮಾನ್ಯ ಫೋಮೇ ಉರಿದು ವಿಷದ ಹೊಗೆ ಕೊಡುತ್ತದೆ.

ಗೋಡೆಯಲ್ಲಿ ಕಿಂಡಿ ಇದೆಯೇ ಎಂದು ನೀವು ಬರೆದಿಲ್ಲ. ರಾತ್ರಿ ಹಸು ಕರು ಹಾಕುವ ಹೊತ್ತಿನಲ್ಲಿ ಒಳಗಿನಿಂದಲೇ ನೋಡಲೆಂದು ಹಿಂದಿನವರು ಕೋಣೆಯಿಂದ ಕೊಟ್ಟಿಗೆಗೆ ಒಂದು ಸಣ್ಣ ಕಿಂಡಿ ಇಡಿಸುತ್ತಿದ್ದರು. ಇದ್ದರೆ ಅದನ್ನು ಇಟ್ಟಿಗೆಯಿಂದ ಮುಚ್ಚಿಸಿ. ವೈರುಗಳು ಪಿವಿಸಿ ಪೈಪಿನಲ್ಲಿ ಗೋಡೆ ದಾಟಿದ್ದರೆ, ಬೆಂಕಿಯಲ್ಲಿ ಪೈಪು ಕರಗಿ ಅದರ ಗಾತ್ರದ ತೂತು ಉಳಿಯುತ್ತದೆ. ಗೋಡೆಯ ದಪ್ಪದಷ್ಟು ಭಾಗಕ್ಕೆ ಸತು ಲೇಪಿಸಿದ ಕಬ್ಬಿಣದ (ಜಿಐ) ಪೈಪ್ ಹಾಕಿಸಿ ಸುತ್ತ ಗಾರೆ ತುಂಬಿಸಿ.

ಇನ್ನು ಅಟ್ಟ. ನಿಮ್ಮ ಪ್ರಶ್ನೆಯಲ್ಲಿ ಅತ್ಯಂತ ಕಷ್ಟದ ಭಾಗ ಇದೇ, ಅದನ್ನು ಹಗುರವಾಗಿ ಹೇಳಲಾರೆ. ತಿಪಟೂರಿನ ಉಂಡೆ ಕೊಬ್ಬರಿ ಆಗುವುದು ಬಲಿತ ಕಾಯಿಯನ್ನು ಮಟ್ಟೆಸಹಿತ ತಿಂಗಳುಗಟ್ಟಲೆ, ಹೆಚ್ಚುಕಡಿಮೆ ಒಂದು ವರ್ಷ, ಅಟ್ಟದ ಮೇಲೆ ನೆರಳಿನಲ್ಲಿ ಒಣಗಲು ಬಿಡುವುದರಿಂದ. ಕುಲುಕಿದರೆ ಒಳಗೆ ಗಡಗಡ ಎನ್ನುವವರೆಗೆ ಗಾಳಿಯಾಡಬೇಕು. ಅದಕ್ಕಾಗಿಯೇ ಅಡಕೆ ದಬ್ಬೆಯನ್ನೋ ಬಿದಿರಿನ ಗಳವನ್ನೋ ಸಂದು ಬಿಟ್ಟು ಹಾಸಿ ಅಟ್ಟ ಕಟ್ಟುತ್ತಾರೆ. ಎಂದರೆ ಕೊಬ್ಬರಿಗೆ ಬೇಕಾದದ್ದು ಸಂದಿರುವ ನೆಲ, ಬೆಂಕಿಯಿಂದ ರಕ್ಷಣೆಗೆ ಬೇಕಾದದ್ದು ಸಂದಿಲ್ಲದ ನೆಲ. ಎರಡನ್ನೂ ಒಂದೇ ಅಟ್ಟದಲ್ಲಿ ಪಡೆಯುವುದು ಸುಲಭವಲ್ಲ. ಮೇಲಿರುವ ವಸ್ತುವಾದರೂ ಎಂಥದು? ಹೊರಗೆ ಒಣಗಿದ ನಾರು, ಅದರೊಳಗೆ ಚಿಪ್ಪು, ಚಿಪ್ಪಿನೊಳಗೆ ತೂಕದಲ್ಲಿ ಅರ್ಧಕ್ಕೂ ಹೆಚ್ಚು ಎಣ್ಣೆಯೇ ಇರುವ ಕೊಬ್ಬರಿ. ಹಂಡೆಯ ಒಲೆಗೆ ಒಂದು ಒಣ ಮಟ್ಟೆ ಹಾಕಿದರೆ ಎಷ್ಟು ಬೇಗ ಹತ್ತುತ್ತದೆ ಎಂದು ನಿಮ್ಮ ಮನೆಯವರಿಗೆ ನಾನು ಹೇಳಬೇಕಾಗಿಲ್ಲ. ಸಾಮಾನ್ಯ ಕಾರೊಂದು ಪೂರ್ತಿ ಹೊತ್ತಿಕೊಂಡಾಗ ಅದರಿಂದ ಹೊಮ್ಮುವ ಶಾಖ ಮೂರ್ನಾಲ್ಕು ಸಾವಿರ ಇಸ್ತ್ರಿಪೆಟ್ಟಿಗೆಗಳನ್ನು ಒಟ್ಟಿಗೆ ಹಚ್ಚಿಟ್ಟಷ್ಟಾಗಬಹುದು. ಅದು ಎಂಟು ಹತ್ತು ಅಡಿ ಮೇಲಿರುವ ಒಣ ಮಟ್ಟೆಗೆ ಸಂದಿನ ಮೂಲಕ ನೇರವಾಗಿ ತಾಗಿದರೆ, ಬೆಂಕಿ ಹತ್ತಲು ನಿಮಿಷಗಳ ಲೆಕ್ಕ ಸಾಕು.

ಆದ್ದರಿಂದ ನನ್ನ ಸ್ಪಷ್ಟವಾದ ಸಲಹೆ: ಅಟ್ಟವನ್ನು ಉಳಿಸಿಕೊಳ್ಳಿ, ವಾಹನಗಳನ್ನು ಹೊರಗೆ ತನ್ನಿ. ತೋಟದ ಮನೆಗೆ ಅಂಗಳದ ಕೊರತೆ ಇರುವುದಿಲ್ಲ. ಮನೆಯಿಂದ ಇಪ್ಪತ್ತು ಅಡಿಯಾದರೂ ದೂರದಲ್ಲಿ, ಒಣ ಗರಿಯ ಮೆದೆಯೂ ಮಟ್ಟೆಯ ಗುಡ್ಡೆಯೂ ಹತ್ತಿರವಿಲ್ಲದ ಕಡೆ, ನಾಲ್ಕು ಕಬ್ಬಿಣದ ಕಂಬ ನೆಟ್ಟು ಮೇಲೆ ಜಿಐ ಶೀಟ್ ಹೊದಿಸಿದ ತೆರೆದ ಶೆಡ್ ಮಾಡಿಸಿ. ನಾಲ್ಕೂ ಕಡೆ ತೆರೆದಿದ್ದರೆ ಪೆಟ್ರೋಲ್ ಆವಿ ನಿಲ್ಲುವುದಿಲ್ಲ, ಹೊಗೆ ಕಟ್ಟಿಕೊಳ್ಳುವುದಿಲ್ಲ. ಗೋಡೆ, ಬಾಗಿಲು, ಮಾಡು, ಅಟ್ಟ ಎಲ್ಲವನ್ನೂ ತಿದ್ದಿಸುವ ಖರ್ಚಿಗೆ ಹೋಲಿಸಿದರೆ ಈ ಶೆಡ್ಡಿನ ಖರ್ಚು ಹೆಚ್ಚಾಗದು. ಕಳ್ಳರ ಭಯಕ್ಕೆ ಕಾರನ್ನು ಒಳಗೇ ನಿಲ್ಲಿಸಬೇಕು ಎನ್ನುವವರ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೂ ತಾಯಿಯವರು ಮಲಗುವ ಮನೆಯ ಮಗ್ಗುಲಿಗೆ ಇಂಧನ, ಅದರ ನೆತ್ತಿಗೆ ಎಣ್ಣೆಕಾಳಿನಂತಹ ಕೊಬ್ಬರಿ, ಈ ಎರಡು ಕೂಡಿರುವುದನ್ನು ನಾನು ಯಾವ ಬೋರ್ಡಿನ ಮೇಲೂ ಭರವಸೆಯಿಟ್ಟು ಒಪ್ಪಲಾರೆ.

ಹೊರಗೆ ತರಲು ಸಾಧ್ಯವೇ ಇಲ್ಲವಾದರೆ ಕಾಯಿಯನ್ನು ಬೇರೆ ಕಡೆಗೆ ಸಾಗಿಸಿ, ಖಾಲಿಯಾದ ಅಟ್ಟದ ತಳವನ್ನು ಮುಚ್ಚಿಸಬೇಕು. ನಿಮ್ಮ ಮಗ ಹೇಳುವ ಬೋರ್ಡಿಗೆ ನಿಜವಾದ ಕೆಲಸ ಇರುವುದು ಇಲ್ಲಿ. ಸಾಮಾನ್ಯ ಫಾಲ್ಸ್ ಸೀಲಿಂಗಿನ ಬೋರ್ಡ್ ಸಾಲದು. ಒಳಗೆ ಗಾಜಿನ ನಾರು ಸೇರಿರುವ, ಬೆಂಕಿ ತಡೆಯುವ ದರ್ಜೆಯ 15 ಮಿಲಿಮೀಟರ್ ಬೋರ್ಡನ್ನು ಎರಡು ಪದರಗಳಲ್ಲಿ, ಮೊದಲ ಪದರದ ಸೇರುವೆಯ ಮೇಲೆ ಎರಡನೆಯದರ ಸೇರುವೆ ಬೀಳದಂತೆ, ಜಿಐ ಚಾನೆಲ್‌ಗೆ ಸ್ಕ್ರೂ ಹಾಕಿ ಕೂರಿಸಬೇಕು. ಅಂಚು ಗೋಡೆಗೆ ತಾಗುವ ಕಡೆ ಸಂದು ಉಳಿಯಬಾರದು. ಹೆಂಚು ಸೋರುವ ಮನೆಯಲ್ಲಿ ಈ ಬೋರ್ಡ್ ಬಾಳುವುದಿಲ್ಲ. ನೀರು ಕುಡಿದು ಮೆತ್ತಗಾಗಿ ಜೋತುಬೀಳುತ್ತದೆ. ಹಾಗಾಗಿ ಮಾಡಿನ ಕೆಲಸ ಮೊದಲು, ಬೋರ್ಡು ಆಮೇಲೆ. ಪಿವಿಸಿ ಹಾಳೆಯ ಸೀಲಿಂಗ್ ಮಾತ್ರ ಯಾವ ಕಾರಣಕ್ಕೂ ಬೇಡ.

ಬಾಗಿಲಿನ ವಿಷಯದಲ್ಲಿ ಅಮೆರಿಕದ ಸಂಹಿತೆಯ ಮಾತು ನಮ್ಮ ಮನೆಗೂ ಹಾಗೆಯೇ ಹೊಂದುತ್ತದೆ. ಅದು 35 ಮಿಲಿಮೀಟರಿಗೆ ಕಡಿಮೆಯಿಲ್ಲದ ಗಟ್ಟಿ ಮರದ ಬಾಗಿಲನ್ನೋ ಅಷ್ಟೇ ದಪ್ಪದ ಉಕ್ಕಿನ ಬಾಗಿಲನ್ನೋ, ಇಲ್ಲವೇ 20 ನಿಮಿಷ ಬೆಂಕಿ ತಡೆಯುವುದೆಂದು ಪರೀಕ್ಷೆಯಾದ ಬಾಗಿಲನ್ನೋ ಒಪ್ಪುತ್ತದೆ. ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳಬೇಕು ಎನ್ನುತ್ತದೆ. ಗ್ಯಾರೇಜಿನಿಂದ ನೇರವಾಗಿ ಮಲಗುವ ಕೋಣೆಗೆ ಬಾಗಿಲೇ ಇರಕೂಡದು ಎನ್ನುತ್ತದೆ. ಗಟ್ಟಿ ಜಾತಿಯ ಮರ ಬೆಂಕಿಯಲ್ಲಿ ನಿಮಿಷಕ್ಕೆ ಸುಮಾರು ಅರ್ಧ ಮಿಲಿಮೀಟರಿನಷ್ಟು ಇದ್ದಿಲಾಗುತ್ತಾ ಹೋಗುತ್ತದೆ; ಆ ಇದ್ದಿಲ ಪದರವೇ ಒಳಗಿನ ಮರಕ್ಕೆ ಕವಚವಾಗುತ್ತದೆ. ನಿಮ್ಮ ಹಳೆಯ ಬಾಗಿಲು ಹಲಸಿನದೋ ಹೊನ್ನೆಯದೋ ಆಗಿ ಪೂರ್ತಿ ದಪ್ಪ ಹಲಗೆಯದಾಗಿದ್ದರೆ ಅದನ್ನು ಬಿಸಾಡಿ ಹೊಸ ಫ್ಲಶ್ ಡೋರ್ ತರುವುದು ನಷ್ಟದ ಬಾಬತ್ತು. ಚೌಕಟ್ಟು ದಪ್ಪವಾಗಿದ್ದು ನಡುವಿನ ಫಲಕಗಳು ಮಾತ್ರ ತೆಳುವಾಗಿದ್ದರೆ, ಕೊಟ್ಟಿಗೆಯ ಕಡೆಯಿಂದ ಕ್ಯಾಲ್ಸಿಯಂ ಸಿಲಿಕೇಟ್ ಬೋರ್ಡ್ ಹೊಡೆಸಿ ಮೇಲೆ ಜಿಐ ಶೀಟ್ ಹೊದಿಸಿ. ಎರಡು ಕದಗಳ ಬಾಗಿಲಾದರೆ ಕದಗಳು ಸೇರುವ ಕಡೆ ಒಂದರ ಮೇಲೊಂದು ಕೂರುವಂತೆ ಮರದ ಪಟ್ಟಿ ಬೇಕು. ಬಾಗಿಲಿನ ಸುತ್ತಲಿನ ಸಂದು 3 ಮಿಲಿಮೀಟರ್ ದಾಟದಂತೆ ಬಡಗಿಯವರಿಂದ ಸರಿ ಮಾಡಿಸಿ. ಶಾಖಕ್ಕೆ ಉಬ್ಬಿ ಸಂದು ಮುಚ್ಚುವ ಪಟ್ಟಿಗಳು ಬಾಗಿಲಿನ ಸಾಮಾನು ಮಾರುವ ದೊಡ್ಡ ಅಂಗಡಿಗಳಲ್ಲಿ ಸಿಗುತ್ತವೆ, ಚೌಕಟ್ಟಿನಲ್ಲಿ ಕೊರೆದು ಕೂರಿಸಬಹುದು. ನಮ್ಮಲ್ಲಿ ಭಾರತೀಯ ಮಾನದಂಡ ಐಎಸ್ 3614ರ ಪ್ರಕಾರ ಪರೀಕ್ಷೆಯಾದ ಉಕ್ಕಿನ ಬೆಂಕಿ ತಡೆ ಬಾಗಿಲುಗಳಿವೆ, ಆದರೆ ಬಹುಮಹಡಿ ಕಟ್ಟಡಗಳಿಗೆಂದು ಮಾಡಿದ 2 ಗಂಟೆಯ ಬಾಗಿಲು ನಿಮಗೆ ಅಗತ್ಯವಿಲ್ಲ. ಅಗತ್ಯವಿರುವುದು ಬಾಗಿಲನ್ನು ತಾನಾಗಿಯೇ ಎಳೆದು ಮುಚ್ಚುವ ಡೋರ್ ಕ್ಲೋಸರ್. ಎಷ್ಟೇ ಒಳ್ಳೆಯ ಬಾಗಿಲಾದರೂ ತೆರೆದಿಟ್ಟರೆ ಗೋಡೆಯಲ್ಲಿನ ತೂತೇ. ಆ ಬಾಗಿಲಿಗೆ ಇಟ್ಟಿಗೆ ಒಡ್ಡಿ ತೆರೆದಿಡುವ ರೂಢಿ ನಿಮ್ಮ ಮನೆಯಲ್ಲಿದ್ದರೆ ಇವತ್ತಿಗೆ ನಿಲ್ಲಲಿ.

ಆ ಬಾಗಿಲಿನ ಹೊಸ್ತಿಲನ್ನು ತೆಗೆಸಬೇಡಿ. ವೀಲ್‌ಚೇರ್ ಓಡಾಡಲೆಂದೋ ಎಡವುತ್ತಾರೆಂದೋ ಈಗ ಹಲವರು ಹೊಸ್ತಿಲು ಕೀಳಿಸುತ್ತಿದ್ದಾರೆ, ಬೇರೆ ಬಾಗಿಲುಗಳಿಗೆ ಅದು ಸರಿ. ಕೊಟ್ಟಿಗೆಯ ಬಾಗಿಲಿಗೆ ಮಾತ್ರ ಬೇಡ. ಪೆಟ್ರೋಲ್ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ, ಆ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅದು ನೀರಿನಂತೆ ನೆಲ ಹಿಡಿದು ತಗ್ಗಿನ ಕಡೆಗೆ ಹರಿಯುತ್ತದೆ. ಗಾಳಿಯಲ್ಲಿ ಅದರ ಪಾಲು ಶೇ 1.4 ಮುಟ್ಟಿದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಎತ್ತರದ ಹೊಸ್ತಿಲು ಮತ್ತು ಮನೆಗಿಂತ ಒಂದು ಮೆಟ್ಟಿಲು ತಗ್ಗಾದ ಕೊಟ್ಟಿಗೆಯ ನೆಲ ಆ ಆವಿಯನ್ನು ಮನೆಯೊಳಗೆ ಬಿಡದೆ ತಡೆಯುತ್ತವೆ.

ಹೀಗೆ ನೆಲ ಹಿಡಿದು ಹೋಗುವ ಆವಿಗೆ ನಿಮ್ಮ ಕೊಟ್ಟಿಗೆಯಲ್ಲಿ ಸಿದ್ಧವಾದ ದಾರಿಯೊಂದಿದೆ: ಗಂಜಲದ ಕಾಲುವೆ. ದನ ಕಟ್ಟುತ್ತಿದ್ದ ಸಾಲಿನ ಹಿಂದೆ ಕಲ್ಲು ಹಾಸಿ ಮಾಡಿದ ಆ ಕಾಲುವೆ ಎಷ್ಟೋ ಮನೆಗಳಲ್ಲಿ ಬಚ್ಚಲಿನ ನೀರಿನ ಜೊತೆ ಸೇರಿ ತಿಪ್ಪೆಗುಂಡಿಗೋ ತೆಂಗಿನ ಬುಡಕ್ಕೋ ಹೋಗುತ್ತದೆ. ಬಚ್ಚಲಿನಲ್ಲಿ ಹಂಡೆಯ ಒಲೆ ಉರಿಯುತ್ತಿರುತ್ತದೆ. ಕಾರಿನ ಟ್ಯಾಂಕಿನಿಂದಲೋ ಬೈಕಿನ ಪೈಪಿನಿಂದಲೋ ಸೋರಿದ ಪೆಟ್ರೋಲಿನ ಆವಿ ಈ ಕಾಲುವೆಯಲ್ಲಿ ಹರಿದು ಒಲೆಯ ಬಾಯಿಗೆ ತಲುಪಿದರೆ ಬೆಂಕಿ ಅದೇ ದಾರಿಯಲ್ಲಿ ಹಿಂದಕ್ಕೆ ಓಡಿಬರುತ್ತದೆ. ಅಮೆರಿಕದ ಸಂಹಿತೆಯಲ್ಲಿ ಗ್ಯಾರೇಜಿನೊಳಗಿನ ನೀರು ಕಾಯಿಸುವ ಯಂತ್ರದಂತಹವುಗಳ ಉರಿ ಅಥವಾ ಕಿಡಿ ನೆಲದಿಂದ 18 ಅಂಗುಲ ಮೇಲಿರಬೇಕು ಎಂಬ ನಿಯಮ ಇರುವುದೂ ಈ ನೆಲ ಹಿಡಿಯುವ ಆವಿಯ ಕಾರಣಕ್ಕೇ. ನಮ್ಮ ಹಂಡೆಯ ಒಲೆ ನೆಲಕ್ಕೇ ಇದೆ, ಅದನ್ನು ಎತ್ತರಿಸುವುದು ಆಗದ ಮಾತು. ಆದ್ದರಿಂದ ಕಾಲುವೆಯನ್ನು ಬಚ್ಚಲಿನ ಕಡೆ ಕಲ್ಲು ಗಾರೆಯಿಂದ ಪೂರ್ತಿ ಮುಚ್ಚಿಸಿ, ಕೊಟ್ಟಿಗೆಯ ನೆಲದ ನೀರು ನೇರವಾಗಿ ಹೊರಗಿನ ಬಯಲಿಗೆ ಹೋಗುವಂತೆ ಇಳಿಜಾರು ಮಾಡಿಸಿ. ಕೊಟ್ಟಿಗೆಗೂ ಬಚ್ಚಲಿಗೂ ನಡುವೆ ಬಾಗಿಲಿದ್ದರೆ ಅದನ್ನೂ ಕಟ್ಟಿಸಿಬಿಡಿ. ಹೊರಗೋಡೆಯ ಬುಡದಲ್ಲಿ ನೆಲಕ್ಕೆ ಸೇರಿದಂತೆ ಎರಡು ಮೂರು ಜಾಲರಿ ಕಿಂಡಿಗಳನ್ನಿಡಿಸಿದರೆ ಆವಿ ಅಲ್ಲಿಂದಲೇ ಹೊರಹೋಗುತ್ತದೆ. ಎಲ್‌ಪಿಜಿಯೂ ಗಾಳಿಗಿಂತ ಭಾರವಾದ್ದರಿಂದ ಹೆಚ್ಚುವರಿ ಸಿಲಿಂಡರನ್ನು ಕೊಟ್ಟಿಗೆಯಲ್ಲಿಡಬಾರದು.

ಇಷ್ಟು ಕಿಂಡಿಗಳಿದ್ದರೂ ಕೊಟ್ಟಿಗೆಯೊಳಗೆ ಎಂಜಿನ್ ಚಾಲೂ ಇಟ್ಟು ನಿಲ್ಲಬಾರದು. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಬಾಗಿಲಿನ ಸಣ್ಣ ಸಂದಿನಲ್ಲೂ ತೂರಿ ಕೋಣೆಗೆ ಬರುತ್ತದೆ.

ಎಲೆಕ್ಟ್ರಿಕ್ ಸ್ಕೂಟರಿನ ಬಗ್ಗೆ ಭಯ ಹುಟ್ಟಿಸುವುದು ನನ್ನ ಉದ್ದೇಶವಲ್ಲ. ನಮ್ಮ ದೇಶದಲ್ಲಿ ದ್ವಿಚಕ್ರ ಎಲೆಕ್ಟ್ರಿಕ್ ವಾಹನಗಳ ಬ್ಯಾಟರಿಗೆ ಅನ್ವಯಿಸುವ ಎಐಎಸ್ 156 ಮಾನದಂಡವನ್ನು ಬಿಗಿಗೊಳಿಸಿ, ಮೊದಲ ಹಂತವನ್ನು 2022ರ ಡಿಸೆಂಬರ್ 1ರಿಂದಲೂ ಎರಡನೆಯ ಹಂತವನ್ನು 2023ರ ಮಾರ್ಚ್ 31ರಿಂದಲೂ ಜಾರಿಗೆ ತಂದಿದ್ದಾರೆ. ನಿಮ್ಮ ಸ್ಕೂಟರು ಅದಕ್ಕಿಂತ ಹಳೆಯದೇ ಹೊಸದೇ ಎಂದು ದಾಖಲೆಯಲ್ಲಿ ನೋಡಿಕೊಳ್ಳಿ. ಪೆಟ್ರೋಲ್ ಬೆಂಕಿಗೂ ಇದಕ್ಕೂ ಇರುವ ವ್ಯತ್ಯಾಸ ತಿಳಿದಿರಬೇಕು: ಲಿಥಿಯಂ ಬ್ಯಾಟರಿಯ ಒಂದು ಕೋಶ ಹದಗೆಟ್ಟು ಕಾಯ್ದರೆ ಅದರ ಶಾಖ ಪಕ್ಕದ ಕೋಶವನ್ನು ಕಾಯಿಸುತ್ತದೆ, ಬೆಂಕಿಗೆ ಬೇಕಾದದ್ದು ಬ್ಯಾಟರಿಯೊಳಗೇ ಇರುವುದರಿಂದ ಪುಡಿ ಎರಚಿದರೆ ಜ್ವಾಲೆ ಆರಿದಂತೆ ಕಂಡರೂ ಮತ್ತೆ ಹೊತ್ತಿಕೊಳ್ಳುತ್ತದೆ. ಅದನ್ನು ತಣಿಸಲು ಧಾರಾಳ ನೀರು ಬೇಕು, ಆ ಕೆಲಸ ಅಗ್ನಿಶಾಮಕ ದಳದವರದು. ಚಾರ್ಜಿಂಗ್ ಜಾಗ ಮನೆಯಿಂದ ಹೊರಹೋಗುವ ಬಾಗಿಲಿನ ಎದುರಿಗೆ ಇರಬಾರದು. ತೆರೆದ ಶೆಡ್ ಮಾಡಿಸಿದರೆ ಸಾಕೆಟ್ಟನ್ನು ಅಲ್ಲಿಗೇ ಒಯ್ಯಿರಿ. ಮೀಟರ್ ಬೋರ್ಡಿನಿಂದ ಅದಕ್ಕೆಂದೇ ಪ್ರತ್ಯೇಕ ಲೈನು, ಹೆಚ್ಚು ಕರೆಂಟ್ ಹರಿದರೆ ಲೈನು ಕಡಿಯುವ ಒಂದು ಎಂಸಿಬಿ, ಕರೆಂಟ್ ಸೋರಿದರೆ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಸರಿಯಾದ ಅರ್ಥಿಂಗ್ ಬೇಕು. ಮರದ ಪಟ್ಟಿಯ ಹಳೆಯ ವೈರಿಂಗಿಗೆ ಎಕ್ಸ್‌ಟೆನ್ಷನ್ ಬಾಕ್ಸ್ ಸಿಕ್ಕಿಸಿ ಚಾರ್ಜ್ ಮಾಡುವುದೇ ಎಷ್ಟೋ ಅನಾಹುತಗಳಿಗೆ ಬೀಜ; ಪ್ಲಗ್ ಕಿತ್ತಾಗ ಅದರ ಪಿನ್ನು ಕೈಗೆ ಬಿಸಿ ತಾಗಿದರೆ ಸಾಕೆಟ್ ಸಡಿಲವಾಗಿದೆ ಎಂದೇ ಅರ್ಥ. ಬಿಸಿಲಲ್ಲಿ ಓಡಿಸಿ ತಂದ ಕೂಡಲೇ ಚಾರ್ಜಿಗೆ ಹಾಕದೆ ಅರ್ಧ ಮುಕ್ಕಾಲು ಗಂಟೆ ತಣಿಯಲು ಬಿಡುವಂತೆ ಮಗಳಿಗೆ ಹೇಳಿ.

ಇನ್ನೊಂದು ಸಾಮಗ್ರಿ ಹೊಗೆ ಸೂಚಕ. ಬ್ಯಾಟರಿಯಿಂದ ನಡೆಯುವ ಒಂದನ್ನು ತಾಯಿಯವರ ಹೊಸ ಕೋಣೆಯ ಹೊರಗೆ, ನಡುಮನೆಯಲ್ಲಿ ಎತ್ತರದಲ್ಲಿ ಹಾಕಿಸಿ. ಅಡುಗೆಮನೆಯ ಒಗ್ಗರಣೆಗೂ ಹಂಡೆಯ ಒಲೆಗೂ ಹತ್ತಿರ ಹಾಕಿದರೆ ದಿನವೂ ಕೂಗಿ, ಕೊನೆಗೆ ಯಾರೋ ಬ್ಯಾಟರಿ ತೆಗೆದಿಡುತ್ತಾರೆ. ತಾಯಿಯವರಿಗೆ ಕಿವಿ ಮಂದವಾಗಿದ್ದರೆ ಅದನ್ನು ಕೇಳಿ ಓಡಿಬರುವವರು ಯಾರು ಎಂಬುದನ್ನು ಮನೆಯವರು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಘನ, ದ್ರವ, ಅನಿಲ ಮೂರೂ ಬಗೆಯ ಬೆಂಕಿಗೆ ಆಗುವ 6 ಕಿಲೋದ ಎಬಿಸಿ ಪುಡಿಯ ಅಗ್ನಿನಂದಕವೊಂದನ್ನು ಮನೆಯ ಕಡೆಯ ಬಾಗಿಲ ಪಕ್ಕದಲ್ಲಿ ತೂಗುಹಾಕಿ; ಕೊಟ್ಟಿಗೆಯ ತುದಿಯಲ್ಲಿಟ್ಟರೆ ಬೆಂಕಿಯನ್ನು ದಾಟಿ ಹೋಗಿ ತರಬೇಕಾಗುತ್ತದೆ. ಬೆಂಕಿ ಬೈಕಿನ ಸೀಟಿನಷ್ಟಿದ್ದರೆ ಅದು ಉಪಯೋಗಕ್ಕೆ ಬರುತ್ತದೆ. ಅಟ್ಟಕ್ಕೆ ಏರಿದ್ದರೆ ಬಾಗಿಲು ಎಳೆದು ಮುಚ್ಚಿ, ಎಲ್ಲರನ್ನೂ ಹೊರಗೆ ಕರೆದು, 101ಕ್ಕೋ 112ಕ್ಕೋ ಕರೆ ಮಾಡುವುದೊಂದೇ ಕೆಲಸ.

ಕಾನೂನು ಏನು ಹೇಳುತ್ತದೆ ಎಂದು ನಿಮ್ಮ ಮಗ ಕೇಳಬಹುದು. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ನಾಲ್ಕನೆಯ ಭಾಗ ಪೂರ್ತಿ ಅಗ್ನಿ ಸುರಕ್ಷತೆಯದೇ. ಆದರೆ ಅದರ ಹೆಚ್ಚಿನ ಗಮನ ಎತ್ತರದ ಮತ್ತು ಜನ ಸೇರುವ ಕಟ್ಟಡಗಳ ಕಡೆಗಿದೆ. ನಿಮ್ಮ ಕೊಟ್ಟಿಗೆಯನ್ನು ನೋಡಲು ಯಾವ ಅಧಿಕಾರಿಯೂ ಬರುವುದಿಲ್ಲ. ತಾಲ್ಲೂಕು ಕೇಂದ್ರದಿಂದ ಅಗ್ನಿಶಾಮಕ ವಾಹನ ಹೊರಟು, ತೋಟಗಳ ನಡುವಿನ ಕಿರಿದಾದ ದಾರಿಯಲ್ಲಿ ಬಂದು ಮುಟ್ಟುವವರೆಗೆ ನಿಮ್ಮ ಗೋಡೆ, ಬಾಗಿಲು, ನೆತ್ತಿ ಬೆಂಕಿಯನ್ನು ತಡೆದು ನಿಲ್ಲಬೇಕು. ನಿಮ್ಮ ಮನೆಗೆ ಇದೇ ಅಳತೆಗೋಲು. ಮೂವತ್ತು ನಿಮಿಷ ಅಂತೂ ಬೇಕೇ ಬೇಕು, ಒಂದು ಗಂಟೆಯಾದರೆ ಒಳ್ಳೆಯದು.

ಪಾವಗಡ, ಮಧುಗಿರಿ, ಚಿಂತಾಮಣಿ, ಮುಳಬಾಗಿಲು ಕಡೆಯ ಕಲ್ಲು ಚಪ್ಪಡಿ ಮಾಡಿನ ಮನೆಯವರು ಇದನ್ನು ಓದುತ್ತಿದ್ದರೆ ಅವರಿಗೊಂದು ಮಾತು. ಕಲ್ಲು ಸುಡುವುದಿಲ್ಲ, ನಮಗೆ ಭಯವಿಲ್ಲ ಎಂದುಕೊಳ್ಳಬೇಡಿ. ಗ್ರಾನೈಟಿನಲ್ಲಿರುವ ಬೆಣಚು ಹರಳುಗಳು 573 ಡಿಗ್ರಿ ಸೆಲ್ಸಿಯಸ್‌ನಲ್ಲಿ ರಚನೆ ಬದಲಿಸಿ ಒಮ್ಮೆಲೇ ಹಿಗ್ಗುತ್ತವೆ. ಚಪ್ಪಡಿಯ ತಳ ಸಿಡಿದು, ಬಿರುಕು ಬಿಟ್ಟು, ಯಾವ ಮುನ್ಸೂಚನೆಯೂ ಇಲ್ಲದೆ ಕುಸಿಯಬಹುದು. ಕಲ್ಲು ಒಡೆಯುವವರು ಬಂಡೆಯ ಮೇಲೆ ಸೌದೆ ಉರಿಸಿ ಚಪ್ಪಡಿ ಎಬ್ಬಿಸುತ್ತಿದ್ದುದು ಕಲ್ಲಿನ ಇದೇ ಸ್ವಭಾವವನ್ನು ಬಲ್ಲವರಾಗಿ. ಚಪ್ಪಡಿಯ ಕೆಳಗೆ ವಾಹನ ಸುಟ್ಟಿದ್ದರೆ ಎಂಜಿನಿಯರಿಂದ ಪರೀಕ್ಷೆ ಮಾಡಿಸದೆ ಅದರಡಿ ಯಾರೂ ಮಲಗಬಾರದು.

ನಿಮ್ಮ ಮನೆಯ ಕೆಲಸದ ಕ್ರಮ ಹೀಗಿರಲಿ. ತೆರೆದ ಶೆಡ್ ಆಗುವವರೆಗೆ ಕಾರನ್ನು ಅಂಗಳದಲ್ಲೇ ನಿಲ್ಲಿಸಿ. ಗಂಜಲದ ಕಾಲುವೆ ಮುಚ್ಚಿಸುವುದು ಒಂದು ದಿನದ ಕೆಲಸ, ಬಾಗಿಲಿಗೆ ಬಡಗಿಯವರು ಎರಡು ದಿನ ಕೇಳಬಹುದು. ಈ ಸಲದ ಕಾಯಿ ಸುಲಿದು ಅಟ್ಟ ಖಾಲಿಯಾದಾಗ ಏಣಿ ಹಾಕಿ ಗೋಡೆಯ ನೆತ್ತಿಯನ್ನು ಅಳೆಸಿಟ್ಟುಕೊಳ್ಳಿ, ಹೆಂಚು ಕೈಯಾಡಿಸಲು ಬರುವವರಿಗೂ ಮೇಸ್ತ್ರಿಯವರಿಗೂ ಒಂದೇ ದಿನ ಗೊತ್ತುಮಾಡಿ. ಗಾರೆ ಒಣಗಿದ ಮೇಲೆ ಮತ್ತೊಂದು ಕತ್ತಲ ರಾತ್ರಿ ಅದೇ ದೀಪವನ್ನು ಕೊಟ್ಟಿಗೆಯಲ್ಲಿ ಹಚ್ಚಿ ಒಳಗೆ ನಿಂತು ನೋಡಿ. ಎಲ್ಲಿಯಾದರೂ ಒಂದು ಎಳೆ ಬೆಳಕು ಕಂಡರೆ, ಮೇಸ್ತ್ರಿಯವರ ಲೆಕ್ಕ ಚುಕ್ತಾ ಮಾಡುವ ಮೊದಲು ಆ ಜಾಗವನ್ನು ಅವರಿಗೆ ತೋರಿಸಿ ಮುಚ್ಚಿಸಿಕೊಳ್ಳಿ.